ಬಾಡಿಗೆ ಮನೆಯ ಇನ್ನೊಂದು ಕೀ ಯಾರ ಹತ್ತಿರ ಇರಬೇಕು?

ಮಳೆಹನಿ: ವಿಜಯನಗರದಲ್ಲಿ ಮೊದಲನೇ ಮಹಡಿಯ ಒಂದು ಬೆಡ್‌ರೂಮಿನ ಮನೆಗೆ ಬಂದಿದ್ದೇನೆ. ಒಬ್ಬಳೇ ಇರುವುದು. ಓನರ್ ಕೆಳಗಡೆ ಮನೆಯಲ್ಲೇ ಇದ್ದಾರೆ, ಒಳ್ಳೆಯವರೇ. ಆದರೆ ಒಂದು ಕೀ ಅವರ ಹತ್ತಿರ ಇರಲೇಬೇಕಂತೆ. "ಒಂಟಿ ಹೆಣ್ಣುಮಗಳು, ಏನಾದರೂ ಆದರೆ ಬಾಗಿಲು ತೆಗೆಯೋದು ಹೇಗಮ್ಮ" ಅನ್ನುತ್ತಾರೆ. ಹೋದ ವಾರ ಆಫೀಸಿನಿಂದ ಬಂದಾಗ ಬಚ್ಚಲಿನ ನೆಲದ ಮೇಲೆ ಕೆಸರು ಚಪ್ಪಲಿಯ ಗುರುತಿತ್ತು. ಸೋರುತ್ತಿದ್ದ ನಲ್ಲಿ ನಿಂತಿತ್ತು. ಒಣಹಾಕಿದ್ದ ನನ್ನ ಬಟ್ಟೆಗಳನ್ನು ಯಾರೋ ಒಟ್ಟುಮಾಡಿ ಬಕೆಟ್ ಮೇಲೆ ಇಟ್ಟಿದ್ದರು. ಪ್ಲಂಬರ್ ಬಂದಿದ್ದ, ನಾನೇ ಬಾಗಿಲು ತೆಗೆದುಕೊಟ್ಟೆ ಅಂದರು. ಆ ರಾತ್ರಿ ನಿದ್ದೆ ಬರಲಿಲ್ಲ. ಬೀಗ ಬದಲಾಯಿಸಬಹುದಾ?

ಮೇಲ್ಮನೆ_ಓನರ್: ನಾನೂ ಮೇಲಿನ ಮನೆ ಬಾಡಿಗೆಗೆ ಕೊಟ್ಟವಳು, ಅದಕ್ಕೆ ಆ ಕಡೆಯ ಮಾತೂ ಹೇಳುತ್ತೇನೆ. ನಮ್ಮಲ್ಲಿದ್ದ ಹುಡುಗಿ ನೀರು ಬರದಿದ್ದಾಗ ನಲ್ಲಿ ತಿರುಗಿಸಿ ಹಾಗೇ ಬಿಟ್ಟು ಊರಿಗೆ ಹೋಗಿದ್ದಳು. ಆಮೇಲೆ ನೀರು ಬಂದು ಮೆಟ್ಟಿಲಲ್ಲಿ ಇಳಿಯುತ್ತಿತ್ತು. ನಮ್ಮ ಹತ್ತಿರ ಕೀ ಇದ್ದದ್ದಕ್ಕೆ ಬಚಾವಾದೆವು. ಗ್ಯಾಸ್ ವಾಸನೆ ಬಂದರೆ? ಕೀ ಕೇಳುವ ಓನರ್‌ಗಳೆಲ್ಲ ಕೆಟ್ಟವರಲ್ಲ.

ಬೀಗದಂಗಡಿ_ದಾವಣಗೆರೆ: ಮನೆಯಲ್ಲಿ ಯಾರೂ ಇಲ್ಲದಾಗ ನೀರು ಹರಿದರೆ ಕೀ ಬೇಕು, ಸರಿ. ಆದರೆ ಇವರ ಓನರ್ ಹೇಳುತ್ತಿರುವುದು ಬೇರೆ, "ಅವಳಿಗೆ ಏನಾದರೂ ಆದರೆ" ಅಂತ. ಮಳೆಹನಿ ಅವರೇ, ರಾತ್ರಿ ಒಳಗಿನಿಂದ ಟವರ್ ಬೋಲ್ಟ್ (ಸರಿಸುವ ಚಿಲಕ) ಹಾಕಿಕೊಂಡು ಮಲಗುತ್ತೀರಿ ತಾನೇ? ಬೋಲ್ಟ್ ಹಾಕಿದ ಮೇಲೆ ಹೊರಗಿನಿಂದ ಯಾವ ಕೀ ಹಾಕಿದರೂ ಬಾಗಿಲು ತೆರೆಯುವುದಿಲ್ಲ. ನೀವು ಒಳಗೆ ಜ್ವರದಲ್ಲಿ ಬಿದ್ದಿದ್ದರೂ ಬಾಗಿಲು ಒಡೆಯಲೇಬೇಕು. ಅಂದರೆ ಓನರ್ ಹತ್ತಿರ ಇರುವ ಕೀ ಕೆಲಸ ಮಾಡುವುದು ನೀವು ಮನೆಯಲ್ಲಿ ಇಲ್ಲದಾಗ, ಇಲ್ಲವೇ ಬೋಲ್ಟ್ ಹಾಕುವುದು ಮರೆತಾಗ. ಇದರಲ್ಲಿ ನಿಮ್ಮ ಸುರಕ್ಷತೆ ಎಲ್ಲಿದೆ?

ಮಳೆಹನಿ: ಇದು ನನಗೆ ಹೊಳೆದೇ ಇರಲಿಲ್ಲ.

ಬೀಗದಂಗಡಿ_ದಾವಣಗೆರೆ: ಇನ್ನೊಂದು. ಪೂರ್ತಿ ಬೀಗ ಬದಲಾಯಿಸಬೇಕಾಗಿಲ್ಲ. ಸಿಲಿಂಡರ್ (ಕೀ ತೂರಿಸಿ ತಿರುಗಿಸುವ ಭಾಗ) ಇರುವ ಬೀಗವಾದರೆ ಅದೊಂದನ್ನೇ ಬಿಚ್ಚಿ ಹೊಸದು ಹಾಕಬಹುದು, ಬಾಗಿಲಿಗೆ ಏನೂ ಆಗುವುದಿಲ್ಲ. ಹಳೆಯದನ್ನು ತೆಗೆದಿಟ್ಟುಕೊಂಡು ಮನೆ ಬಿಡುವಾಗ ವಾಪಸ್ ಹಾಕಿಕೊಡಿ. ಹಿಂದೆ ಆ ಮನೆಯಲ್ಲಿ ಇದ್ದವರು ಎಷ್ಟು ಕೀ ಮಾಡಿಸಿದ್ದರೋ ಯಾರಿಗೆ ಗೊತ್ತು? ಹಾಗೇ ಚೌಕಟ್ಟಿನಲ್ಲಿ ಬೋಲ್ಟ್ ಹೋಗಿ ಕೂರುವ ಪಟ್ಟಿಯ ಸ್ಕ್ರೂ ಒಂದನ್ನು ಬಿಚ್ಚಿ ನೋಡಿ. ತುಂಬಾ ಮನೆಗಳಲ್ಲಿ ಅರ್ಧ ಇಂಚಿನದು ಇರುತ್ತದೆ, ಜೋರಾಗಿ ಒದ್ದರೆ ಪಟ್ಟಿಯೇ ಕಿತ್ತು ಬರುತ್ತದೆ. ಮರದೊಳಗೆ ಆಳವಾಗಿ ಹೋಗುವ ಉದ್ದದ ಸ್ಕ್ರೂ ಹಾಕಿಸಿ. ಹತ್ತಿಪ್ಪತ್ತು ರೂಪಾಯಿಯ ಮಾತು.

ರಾಗಿಮುದ್ದೆ: ಇಷ್ಟೆಲ್ಲ ತಾಪತ್ರಯ ಯಾಕೆ, ಪಿಜಿಯಲ್ಲಿ ಇರಬಹುದಲ್ಲ? ಇಲ್ಲದಿದ್ದರೆ ಬಾಗಿಲ ಹೊರಗೆ ಗಂಡಸರ ಚಪ್ಪಲಿ ಒಂದು ಜೊತೆ ಇಡಿ, ಒಂದು ಕ್ಯಾಮೆರಾ ಹಾಕಿಸಿ. ಸಾಕು.

ಶಾಲ್ಮಲೆ: ಪಿಜಿಯಲ್ಲೂ ರೂಮಿನ ಇನ್ನೊಂದು ಕೀ ವಾರ್ಡನ್ ಹತ್ತಿರ ಇರುತ್ತದೆ. ಚಪ್ಪಲಿ ನೋಡಿ ಮೋಸಹೋಗುವವನು ದಾರಿಯಲ್ಲಿ ಹೋಗುವವನು. ಮಳೆಹನಿ ಒಬ್ಬಳೇ ಇದ್ದಾಳೆ ಅಂತ ಓನರ್‌ಗೆ, ಪ್ಲಂಬರ್‌ಗೆ, ನೀರಿನ ಕ್ಯಾನ್ ತರುವವನಿಗೆ ಮೊದಲೇ ಗೊತ್ತು. ಭಯ ಇರುವುದು ಗೊತ್ತಿರುವವರದ್ದು. ಕ್ಯಾಮೆರಾ ಬೇಡ ಅನ್ನುವುದಿಲ್ಲ, ಆದರೆ ಯಾರು ಬಂದಿದ್ದರು ಅಂತ ಅದು ಹೇಳುತ್ತದೆ ಅಷ್ಟೇ, ಬಂದವರನ್ನು ತಡೆಯುವುದಿಲ್ಲ. ನಾನಾಗಿದ್ದರೆ ಮೊದಲು ಮ್ಯಾಜಿಕ್ ಐ (ಹೊರಗೆ ಯಾರಿದ್ದಾರೆ ಅಂತ ನೋಡುವ ಬಾಗಿಲ ಕಿಂಡಿ) ಮತ್ತು ಡೋರ್ ಚೈನ್ ಹಾಕಿಸುತ್ತಿದ್ದೆ.

ತೋಟದಮನೆ_ಸಾಗರ: ನಮ್ಮ ಮನೆಯದು ಪೂರ್ತಿ ಉಲ್ಟಾ. ಅಪ್ಪ ಹೋದ ಮೇಲೆ ಅಮ್ಮ ಒಬ್ಬರೇ ಇದ್ದಾರೆ, ವಯಸ್ಸು ಎಪ್ಪತ್ತು ದಾಟಿದೆ. ಅವರಿಗೆ ಕಳ್ಳನಿಗಿಂತ ಬಚ್ಚಲಲ್ಲಿ ಜಾರಿ ಬೀಳುವ ಭಯ ಜಾಸ್ತಿ. ಹಾಗಾಗಿ ಬಚ್ಚಲ ಬಾಗಿಲಿನ ಚಿಲಕ ತೆಗೆಸಿದೆವು. ಮುಂಬಾಗಿಲಿಗೆ ರಾತ್ರಿ ಬೋಲ್ಟ್ ಬೇಡ, ಹೊರಗಿನಿಂದಲೂ ಕೀ ಹಾಕಿ ತೆಗೆಯುವ ಲಾಕ್ ಒಂದೇ ಸಾಕು ಅಂತ ಮಾಡಿದೆವು. ಇನ್ನೊಂದು ಕೀ ಪಕ್ಕದ ತೋಟದ ಅತ್ತಿಗೆ ಹತ್ತಿರ ಇದೆ. ಆ ಮನೆ ಯಾವುದು ಅಂತ ಅಮ್ಮನೇ ಆರಿಸಿದ್ದು. ಹಗಲು ಹೊತ್ತಿನಲ್ಲಿ ಚಿನ್ನಕ್ಕೆ ಪಾಲಿಶ್ ಹಾಕಿಕೊಡುತ್ತೇವೆ ಅಂತ ಇಬ್ಬರು ಬರುತ್ತಾರಲ್ಲ, ಅವರಿಗೆ ಬೀಗವೇ ಅಡ್ಡ ಬರುವುದಿಲ್ಲ, ನಾವೇ ಬಾಗಿಲು ತೆಗೆಯುತ್ತೇವೆ. ಅದಕ್ಕೆ ಜಗಲಿಗೆ ಗ್ರಿಲ್ ಹಾಕಿಸಿ, ಗ್ರಿಲ್ ತೆಗೆಯದೇ ಮಾತಾಡು ಅಂತ ಹೇಳಿದ್ದೇವೆ. ಸರ ಮಾತ್ರ ಯಾರು ಕೇಳಿದರೂ ಬಿಚ್ಚಬೇಡ ಅಂತ ದಿನಾ ಫೋನಿನಲ್ಲಿ ನೆನಪಿಸುತ್ತೇನೆ.

ಮೇಲ್ಮನೆ_ಓನರ್: ಅಮ್ಮನೇ ಆರಿಸಿದ್ದು ಅಂದಿರಲ್ಲ, ಅದು ಹಿಡಿಸಿತು. ಹಾಗಾದರೆ ಮಳೆಹನಿಯೂ ಕೀಯನ್ನು ತನ್ನ ಗೆಳತಿಯ ಹತ್ತಿರ ಇಡಲಿ. ಆದರೆ ಗೆಳತಿ ಹೆಬ್ಬಾಳದಲ್ಲಿದ್ದರೆ ನೀರು ಹರಿಯುವಾಗ ನಾವು ಏನು ಮಾಡೋದು?

ಕರಿಕೋಟು: ಲಾಯರ್ ಆಫೀಸಿನಲ್ಲಿ ಕೆಲಸ ನನ್ನದು. ನಲ್ಲಿ ರಿಪೇರಿಗೆ ಒಳಗೆ ಬಂದರು ಅಂತ ಪೊಲೀಸ್ ಕೇಸ್ ನಿಲ್ಲುವುದು ಕಷ್ಟ. ಆದರೆ ಬಾಡಿಗೆಗೆ ಕೊಟ್ಟ ಮೇಲೆ ಬೇಕಾದಾಗ ಬಂದು ಹೋಗುವ ಮನೆ ಅಲ್ಲ ಅದು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಓನರ್ ಒಳಗೆ ಬರಬೇಕಾದರೆ 24 ಗಂಟೆ ಮೊದಲು ತಿಳಿಸಬೇಕು ಅಂತಿದೆ. ಅದು ಮಾದರಿ ಮಾತ್ರ, ರಾಜ್ಯ ಒಪ್ಪಿ ಜಾರಿಗೆ ತರಬೇಕು. ಆದರೂ ಅದೇ ಸಾಲನ್ನು ನಿಮ್ಮ 11 ತಿಂಗಳ ಅಗ್ರಿಮೆಂಟಿನಲ್ಲಿ ಬರೆಸಲು ಯಾರ ಅಡ್ಡಿಯೂ ಇಲ್ಲ. ಬಚ್ಚಲಿನಲ್ಲಿ, ರೂಮಿನಲ್ಲಿ ಗುಟ್ಟಾಗಿ ಕ್ಯಾಮೆರಾ ಇಟ್ಟಿದ್ದು ಕಂಡರೆ ಅದು ಬೇರೆಯೇ ವಿಷಯ. ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್, ಜೈಲು ಶಿಕ್ಷೆ ಇದೆ. ಹಿಂಬಾಲಿಸಿ ಕಾಡುವುದಕ್ಕೆ 78. ಕಂಡದ್ದನ್ನು ಕೀಳಬೇಡಿ, ಫೋಟೋ ತೆಗೆದು ಹೊರಗೆ ಬಂದು 112ಕ್ಕೆ ಫೋನ್ ಮಾಡಿ.

ಶಾಲ್ಮಲೆ: 112ಕ್ಕೆ ಮಾಡಿದಾಗ ಮೊದಲು ವಿಳಾಸ ಹೇಳಿ, ಕಥೆ ಆಮೇಲೆ. ನಾನು ಒಮ್ಮೆ ಮಾಡಿದ್ದೆ, ರಾತ್ರಿ ಯಾರೋ ಕುಡಿದು ಬಾಗಿಲು ಬಡಿಯುತ್ತಿದ್ದ. ಗಾಬರಿಯಲ್ಲಿ ನನ್ನ ಮನೆಯ ಕ್ರಾಸ್ ನಂಬರೇ ಬಾಯಿಗೆ ಬರಲಿಲ್ಲ. ಈಗ ಬಾಗಿಲ ಹಿಂದೆ ಚೀಟಿ ಅಂಟಿಸಿದ್ದೇನೆ: ಮನೆ ನಂಬರ್, ಕ್ರಾಸ್, ಮೇನ್, ಹತ್ತಿರದ ದೇವಸ್ಥಾನ. ಪೊಲೀಸರ ಹೊಯ್ಸಳ ಗಸ್ತು ಗಾಡಿ ಬಂದು ಅವನನ್ನು ಕರೆದುಕೊಂಡು ಹೋಯಿತು. ಫೋನಿನ ಪವರ್ ಬಟನ್ ಐದು ಸಲ ಒತ್ತಿದರೆ ಎಸ್‌ಒಎಸ್ ಹೋಗುವ ಹಾಗೆ ಸೆಟ್ಟಿಂಗ್ಸ್‌ನಲ್ಲಿ ಇವತ್ತೇ ಮಾಡಿಟ್ಟುಕೊಳ್ಳಿ.

ಬೀಗದಂಗಡಿ_ದಾವಣಗೆರೆ: ಓನರಮ್ಮ, ನಿಮ್ಮ ಪ್ರಶ್ನೆಗೆ ನಮ್ಮ ಗಿರಾಕಿ ಒಬ್ಬರು ಮಾಡಿದ ದಾರಿ ಇದು. ಕೀಯನ್ನು ಕವರಿನಲ್ಲಿ ಹಾಕಿ ಅಂಟಿಸಿ, ಅಂಟಿಸಿದ ಜಾಗದ ಮೇಲೆ ಬಾಡಿಗೆಯವರು, ಓನರ್ ಇಬ್ಬರೂ ಸಹಿ ಮಾಡುವುದು. ನೀರು, ಗ್ಯಾಸ್, ಬೆಂಕಿ ಅಂದರೆ ಮೊದಲು ಬಾಡಿಗೆಯವರಿಗೆ ಫೋನ್ ಮಾಡಿ ಆಮೇಲೆ ಕವರ್ ಒಡೆಯಿರಿ. ಕವರ್ ಹರಿದಿದ್ದರೆ ಅವರಿಗೆ ಗೊತ್ತಾಗುತ್ತದೆ.

ಮೇಲ್ಮನೆ_ಓನರ್: ಇದಕ್ಕೆ ನಾನು ರೆಡಿ. ನಮ್ಮ ಮೇಲಿನ ಮನೆಯವಳಿಗೂ ಹೇಳುತ್ತೇನೆ. ಪ್ಲಂಬರ್ ವಿಷಯ ಮಾತ್ರ ನಿಮ್ಮ ಓನರ್ ಮಾಡಿದ್ದು ತಪ್ಪೇ ಮಳೆಹನಿ, ಅವಳ ಬಟ್ಟೆ ಮುಟ್ಟಬೇಡ ಅಂತಾದರೂ ಹೇಳಬೇಕಿತ್ತು.

ಮಳೆಹನಿ: ಭಾನುವಾರ ಮಾತಾಡಿದೆ. ಟವರ್ ಬೋಲ್ಟ್ ಮಾತು ಹೇಳಿದಾಗ ಸುಮ್ಮನಾದರು. ಕವರಿಗೆ ಒಪ್ಪಿದರು, ಸಹಿ ಬೇಡ, ನಂಬಿಕೆ ಇಲ್ವಾ ಅಂದರು. ಸಹಿ ಇಲ್ಲದೆ ಕೀ ಕೊಡುವುದಿಲ್ಲ ಅಂದೆ. ಶನಿವಾರ ಬಡಗಿ ಬರುತ್ತಾನೆ, ಹೊಸ ಸಿಲಿಂಡರ್ ತಂದಿಟ್ಟಿದ್ದೇನೆ.