ಅಪ್‌ಡೇಟ್: ಕತ್ತಿ ಈಗ ಕೂದ್ಲಾ ಜಗ್ಗವಲ್ದು

ಹಿಂದಕ ಕೇಳಿದ್ನಲ್ರಿ, ಹೊಸಾ ಮಡಚೋ ಕ್ಷೌರದ ಕತ್ತಿ ಗಡ್ಡ ಕೆರಿಯೋದ್ಕಿಂತ ಕೂದ್ಲಾ ಜಗ್ಗೋದ ಜಾಸ್ತಿ, ಮುಖ ಉರೀತೈತಿ ಅಂತ. ಕತ್ತಿಗೂ ಮುಖಕ್ಕೂ ನಡುವ ಆಂಗಲ್ 30 ಡಿಗ್ರಿ ಇಡು ಅಂದ್ರಿ ಬಹಳ ಮಂದಿ, ಅದು ಖರೇನ, ಆದ್ರ ಅಸಲು ತೊಂದ್ರಿ ಧಾರದ್ದು. ಡಬ್ಬಿಯಿಂದ ತಗದ ಎಷ್ಟೋ ಕತ್ತಿಗೆ ಗಡ್ಡಕ್ಕ ಬೇಕಾದಷ್ಟು ಧಾರ ಇರಂಗಿಲ್ರಿ. ಇಲ್ಲೇ ಕೊಪ್ಪಳದಾಗ ಹಳೇ ಕಟಿಂಗ್ ಶಾಪಿನ ಕಾಕಾ (ಅವರೂ ಈಗ ಅರ್ಧ ಬ್ಲೇಡ್ ಹಾಕೋದನ್ನ ಬಳಸ್ತಾರ ಬಿಡ್ರಿ) ಕಲ್ಲಿನ ಮ್ಯಾಲೆ ಮಸದ ಕೊಟ್ರು, ತೊಗಲಿನ ಪಟ್ಟಿ ಮ್ಯಾಲೆ ಎಳಿಯಾಗ ಕತ್ತಿ ಬೆನ್ನು (ಧಾರದ ಎದುರಿನ ದಪ್ಪ ಅಂಚು) ಮುಂದ ಧಾರ ಹಿಂದ, ತಿರುಗಿಸೋದು ಬೆನ್ನಿನ ಮ್ಯಾಲೆನ, ಧಾರದ ಮ್ಯಾಲೆ ಹೊರಳಿಸಿದ್ರ ಪಟ್ಟೀನೂ ಹರೀತೈತಿ ಧಾರಾನೂ ಹೋಗ್ತೈತಿ ಅಂತ ಕೈ ಹಿಡಿದು ತೋರಿಸಿದ್ರು.

ಇನ್ನೊಂದು ಯಾರೂ ಹೇಳಿರಲಿಲ್ಲ. ನಮ್ಮ ಬೋರಿನ ಸವಳು ನೀರಾಗ ನೊರಿ ನಿಲ್ಲಂಗಿಲ್ಲ, ಗಲ್ಲದ ಮ್ಯಾಲೆನ ಒಣಗಿ ಬೆಳ್ಳಗ ಪದರ ಕಟ್ತೈತಿ. ಕುಡಿಯೋ ಆರ್‌ಓ ನೀರು ಒಂದು ಲೋಟ ಕಾಸ್ಕೊಂಡ್ರ ಸಾಕು, ಅವ್ವ ಬೈತಾಳ ಅದು ಬ್ಯಾರೆ ಮಾತು.

ಕಾರ್ಬನ್ ಸ್ಟೀಲ್ ಜಂಗು ಹಿಡೀತೈತಿ ಅಂತ ಒರಸಿ ಒಂದು ಹನಿ ಕೊಬ್ರಿ ಎಣ್ಣಿ ಹಚ್ಚಿ ಇಡ್ತೀನಿ. ಗಲ್ಲ ಸಲೀಸು, ಗದ್ದ ಮಾತ್ರ ಇನ್ನೂ ಸೇಫ್ಟಿ ರೇಜರ್‌ಗೇ ಬಿಟ್ಟೀನಿ. ಮನ್ಯಾಗ ಮಸಿಯಾಕ 8000 ಗ್ರಿಟ್ (ನಂಬರ್ ಹೆಚ್ಚಾದಷ್ಟು ಕಲ್ಲು ನುಣುಪು) ಕಲ್ಲು ಒಂದ ಸಾಕಾಗ್ತೈತೇನ್ರಿ?