ಮನೆಗೆ ವೈಫೈ, ಮೂರ್ನಾಲ್ಕು ಕಂಪ್ಯೂಟರ್: ಎಂಜಿನಿಯರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಮನೆಯಲ್ಲಿ ಒಂದಕ್ಕಿಂತ ಹೆಚ್ಚು ಕಂಪ್ಯೂಟರಿಗೆ ವೈಫೈ ಹಾಕಿಸುವ ಬಗ್ಗೆ ಏನೇ ಕೇಳುವುದಿದ್ದರೂ ಇಲ್ಲೇ ಕೇಳಿ. ನೆಟ್‌ವರ್ಕ್ ಕೆಲಸದಲ್ಲೇ ಇರುವ ನಮ್ಮ ಎಂಜಿನಿಯರ್ ಸರ್ ಬಿಡುವಾದಾಗ ಉತ್ತರ ಕೊಡ್ತಾರೆ. ಕೇಳುವ ಮುಂಚೆ ಮೇಲಿನ ಉತ್ತರ ಓದಿ. ಫಾರ್ವರ್ಡ್ ಬೇಡ.

ಮಹಡಿಮನೆ: ನಮಸ್ಕಾರ ಸರ್. ರೂಟರ್ ಕೆಳಗೆ ಹಾಲ್‌ನಲ್ಲಿದೆ. ಮೇಲಿನ ಎರಡು ಲ್ಯಾಪ್‌ಟಾಪಿಗೆ ಸಿಗ್ನಲ್ ಒಂದೇ ಕಡ್ಡಿ. ಹಳೇ ರೂಟರ್ ಒಂದು ಸುಮ್ಮನೆ ಬಿದ್ದಿದೆ, ಅದನ್ನೇ ಮೇಲೆ ಇಡಬಹುದಾ, ಇಲ್ಲ ರಿಪೀಟರ್ ತರಬೇಕಾ?

ಎಂಜಿನಿಯರ್: ನಮಸ್ಕಾರ. ಮೇಲಕ್ಕೆ ಒಂದು ಲ್ಯಾನ್ ಕೇಬಲ್ ಎಳೆಯೋಕೆ ಆಗುತ್ತೆ ಅಂದರೆ ಹಳೇದೇ ಸಾಕು. ಮೊದಲು ಅದರ ಐಪಿ, ಅಂದರೆ ನೆಟ್‌ವರ್ಕಿನಲ್ಲಿ ಅದರ ವಿಳಾಸದ ನಂಬರ್, ಬದಲಿಸಿ. ಕೆಳಗಿನದು 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ, ಆದರೆ ಕೆಳಗಿನ ರೂಟರ್ ಕಂಪ್ಯೂಟರುಗಳಿಗೆ ಹಂಚುವ ನಂಬರುಗಳಲ್ಲಿ ಅದು ಇರಬಾರದು. ಆಮೇಲೆ ಹಳೇ ರೂಟರಿನ ಡಿಎಚ್‌ಸಿಪಿ (ಹಾಗೆ ನಂಬರ್ ಹಂಚುವ ಕೆಲಸ) ಆಫ್ ಮಾಡಿ. ಕೇಬಲ್ಲನ್ನು ಅದರ ಲ್ಯಾನ್ ತೂತಿಗೆ ಹಾಕಿ, ಹೊರಗಿನ ಇಂಟರ್ನೆಟ್ಟಿಗೆ ಅಂತ ಇರುವ ವ್ಯಾನ್ ತೂತಿಗಲ್ಲ. ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತೆ ಅಂತ ಎಲ್ಲರೂ ವ್ಯಾನ್‌ಗೇ ಹಾಕ್ತಾರೆ, ಆಮೇಲೆ ಮೇಲಿನ ಕಂಪ್ಯೂಟರಿಗೆ ಕೆಳಗಿನ ಪ್ರಿಂಟರ್ ಕಾಣ್ತಿಲ್ಲ ಅಂತ ನನಗೆ ಫೋನ್ ಮಾಡ್ತಾರೆ. 2.4 ಗಿಗಾಹರ್ಟ್ಸಿನಲ್ಲಿ ಕೆಳಗೆ ಚಾನೆಲ್ 1 ಇದ್ದರೆ ಮೇಲೆ 6 ಅಥವಾ 11 ಇರಲಿ. ವೈಫೈ ಹೆಸರು, ಪಾಸ್‌ವರ್ಡ್ ಎರಡೂ ರೂಟರಿಗೆ ಒಂದೇ ಇರಲಿ.

ಕೇಬಲ್ ಎಳೆಯೋಕೆ ದಾರಿಯೇ ಇಲ್ಲದವರು ರಿಪೀಟರ್ ತರಬೇಕು. ಒಂದೇ ರೇಡಿಯೊ ಇರುವ ರಿಪೀಟರ್ ಮೊದಲು ಕೇಳಿಸಿಕೊಂಡು, ಆಮೇಲೆ ಅದನ್ನೇ ಮತ್ತೆ ಕೂಗಿ ಹೇಳಬೇಕು. ಅದರಲ್ಲೇ ಅರ್ಧ ವೇಗ ಹೋಗುತ್ತೆ.

ಕೀಬೋರ್ಡ್ ಕುಟ್ಟಿಗ: ಯಾವ ಕಂಪನಿ ರೂಟರ್ ಬೆಸ್ಟ್?

ಎಂಜಿನಿಯರ್: ಕಂಪನಿ ಹೆಸರು ಹೇಳಲ್ಲ. ಎರಡೂ ಬ್ಯಾಂಡ್ (2.4 ಮತ್ತು 5 ಗಿಗಾಹರ್ಟ್ಸ್), ಗಿಗಾಬಿಟ್ (1000 ಎಂಬಿಪಿಎಸ್) ಪೋರ್ಟ್, ವೈಫೈಗೆ ಡಬ್ಲ್ಯುಪಿಎ3 ಭದ್ರತೆ ಇರಲಿ. ಸಾಫ್ಟ್‌ವೇರ್ ಅಪ್‌ಡೇಟ್ ಇನ್ನೂ ಬರ್ತಿರಬೇಕು.

ಹಳೇ ಪೆಟ್ಟಿಗೆ: ಸರ್, ನನ್ನ ಹತ್ತಿರ ವಿಂಡೋಸ್ ಎಕ್ಸ್‌ಪಿ ಇರುವ ಡೆಸ್ಕ್‌ಟಾಪ್ ಇದೆ. ಯುಎಸ್‌ಬಿ ವೈಫೈ ಡಾಂಗಲ್ ಹಾಕಿದರೆ ನಡೆಯುತ್ತಾ?

ಥೀಸಿಸ್ ತಲೆನೋವು: ಸರ್, ನಮ್ಮದು 300 ಎಂಬಿಪಿಎಸ್ ಪ್ಲಾನ್. ಲ್ಯಾಪ್‌ಟಾಪಿಗೆ ವೈಫೈನಲ್ಲಿ 240 ಬರುತ್ತೆ. ಕೇಬಲ್ ಹಾಕಿದ ಡೆಸ್ಕ್‌ಟಾಪಿಗೆ 94, ಯಾವಾಗ ನೋಡಿದರೂ 94. ಕೇಬಲ್ಲೇ ಫಾಸ್ಟ್ ಅಲ್ವಾ?

ಎಂಜಿನಿಯರ್: ಯಾವಾಗ ನೋಡಿದರೂ 94 ಅಂತ ಹೇಳಿದ್ದು ಒಳ್ಳೇದಾಯ್ತು. ವೈಫೈ ಸಮಸ್ಯೆ ಇದ್ದರೆ ಅಂಕಿ ಮೇಲೆ ಕೆಳಗೆ ಕುಣಿಯುತ್ತೆ. 94ರಲ್ಲೇ ನಿಂತಿದೆ ಅಂದರೆ ಎಲ್ಲೋ 100 ಎಂಬಿಪಿಎಸ್‌ನ ಕೊಂಡಿ ಬಿದ್ದಿದೆ, ಡೇಟಾ ಹೊರುವ ಖರ್ಚು ಕಳೆದು ಉಳಿಯೋದು ಅಷ್ಟೇ. ಡೆಸ್ಕ್‌ಟಾಪ್ ಪೋರ್ಟ್ ಹಳೇ 100ರದ್ದಾಗಿದ್ದರೆ ಕೇಬಲ್ ಬದಲಿಸಿ ಪ್ರಯೋಜನವಿಲ್ಲ. ಗಿಗಾಬಿಟ್ ಆಗಿದ್ದರೆ ಕೇಬಲ್ ನೋಡಿ. ಒಳಗೆ ಎಂಟು ತಂತಿ ಇರುತ್ತವೆ. 100ಕ್ಕೆ ನಾಲ್ಕೇ ಸಾಕು, ಗಿಗಾಬಿಟ್ಟಿಗೆ ಎಂಟೂ ಬೇಕು. ಉಳಿದ ನಾಲ್ಕರಲ್ಲಿ ಒಂದು ತಂತಿ ತುಂಡಾದರೂ ಎರಡೂ ಕಡೆ ಸದ್ದಿಲ್ಲದೆ 100ಕ್ಕೆ ಒಪ್ಪಿಕೊಂಡುಬಿಡುತ್ತವೆ. ಕೇಬಲ್ ಎಲ್ಲಾದರೂ ಬಾಗಿಲ ಸಂದಿಯಲ್ಲಿ ಹೋಗಿದೆಯಾ?

ಥೀಸಿಸ್ ತಲೆನೋವು: ಅಯ್ಯೋ, ಹೌದು. ಬಾಗಿಲ ಕೆಳಗೇ ಹೋಗಿದೆ. ಒಂದು ಕಡೆ ಚಪ್ಪಟೆ ಆಗಿ ಒಳಗಿನ ಕಂದು ತಂತಿ ಕಾಣ್ತಿದೆ.

ಎಂಜಿನಿಯರ್: ಅದೇ. ಕಂದು ಜೋಡಿ 100ಕ್ಕೆ ಬೇಕಾಗಲ್ಲ, ಅದಕ್ಕೇ ಇಷ್ಟು ದಿನ ಗೊತ್ತಾಗಲಿಲ್ಲ. ಹೊಸ ಕ್ಯಾಟ್ 5ಇ ಹಾಕಿ. 100 ಮೀಟರ್‌ವರೆಗೂ ಗಿಗಾಬಿಟ್ ಹೊರುತ್ತೆ.

ನಿವೃತ್ತ ಮೇಷ್ಟ್ರು: ಎಲ್ಲರಿಗೂ ಉಪಯೋಗವಾಗಲಿ ಅಂತ ನನಗೆ ಬಂದದ್ದನ್ನು ಹಾಕುತ್ತಿದ್ದೇನೆ. "ರೂಟರ್ ಹಿಂದೆ ಅಲ್ಯುಮಿನಿಯಂ ಹಾಳೆ ಕಟ್ಟಿ. ಪ್ರತಿ ಭಾನುವಾರ ಹಿಂಬದಿಯ ಸಣ್ಣ ತೂತಿಗೆ ಪಿನ್ ಚುಚ್ಚಿ 10 ಸೆಕೆಂಡ್ ಹಿಡಿಯಿರಿ, ಕಸವೆಲ್ಲ ಹೋಗಿ ವೇಗ ಹೆಚ್ಚುತ್ತದೆ. ಎಲ್ಲರಿಗೂ ಹಂಚಿ."

ಕೀಬೋರ್ಡ್ ಕುಟ್ಟಿಗ: ಮೇಷ್ಟ್ರೇ 😂 ಹಾಳೆ ಜೊತೆ ನಿಂಬೆಹಣ್ಣೂ ಕಟ್ಟಿ.

ಎಂಜಿನಿಯರ್: ಹಾಳೆ ಒಂದು ದಿಕ್ಕಿಗೆ ಸಿಗ್ನಲ್ ತಳ್ಳಿ ಇನ್ನೊಂದು ದಿಕ್ಕನ್ನು ಕತ್ತಲು ಮಾಡುತ್ತೆ. ಅದರಿಂದ ಪ್ರಾಣ ಹೋಗಲ್ಲ, ಬಿಡಿ. ಆದರೆ ಆ ಪಿನ್ ಚುಚ್ಚಬೇಡಿ! ಅದು ಕಸ ಗುಡಿಸುವ ಗುಂಡಿ ಅಲ್ಲ, ಫ್ಯಾಕ್ಟರಿ ರಿಸೆಟ್. ಇಂಟರ್ನೆಟ್ ಕೊಡುವವರ ಯೂಸರ್‌ನೇಮ್, ಪಾಸ್‌ವರ್ಡ್, ನೀವು ಇಟ್ಟ ಎಲ್ಲವನ್ನೂ ಅಳಿಸುತ್ತೆ. ಸೋಮವಾರ ಬೆಳಿಗ್ಗೆ ಮನೆಗೆ ನೆಟ್ಟೇ ಇರಲ್ಲ, ಎಲ್ಲರೂ ನನ್ನನ್ನೇ ಹುಡುಕ್ತಾರೆ.

ಸುಮ್ಮನೆ ಓದುವವ: ವೈಫೈ ಹೆಸರು ಅಡಗಿಸಿಟ್ಟರೆ ಪಕ್ಕದ ಮನೆಯವರು ಬಳಸೋಕಾಗಲ್ಲ ಅಂತಾರಲ್ಲ?

ಮಹಡಿಮನೆ: ನಾನು ಅಡಗಿಸಿಯೇ ಇಟ್ಟಿದ್ದೀನಿ. ಪಾಸ್‌ವರ್ಡೂ ಬೇಕಾಗಿಲ್ಲ.

ಥೀಸಿಸ್ ತಲೆನೋವು: ನೀವು ಲ್ಯಾಪ್‌ಟಾಪ್ ಜೋಡಿಸಿದಾಗಲೆಲ್ಲ ಆ ಹೆಸರು ಗಾಳಿಯಲ್ಲಿ ಹೋಗುತ್ತೆ ರೀ. ಅದನ್ನು ಹಿಡಿಯುವ ಆ್ಯಪ್ ಪುಕ್ಕಟೆ ಸಿಗುತ್ತೆ.

ಮಹಡಿಮನೆ: ನಮ್ಮ ಪಕ್ಕದಲ್ಲಿ ಅಂಥ ಬುದ್ಧಿವಂತರು ಇಲ್ಲ.

ಎಂಜಿನಿಯರ್: ಪಾಸ್‌ವರ್ಡ್ ಹಾಕಿ. ಇವತ್ತೇ.

ಎರಡನೇ ಮಗಳು: ಸರ್, ತುರ್ತು. ಮೂರು ದಿನದಿಂದ ಬ್ಯಾಂಕ್ ಪುಟ ತೆರೆದರೆ "ನಿಮ್ಮ ಸಂಪರ್ಕ ಸುರಕ್ಷಿತವಲ್ಲ" ಅಂತ ಕೆಂಪು ಪುಟ ಬರ್ತಿದೆ. ಮನೆಯಲ್ಲಿರುವ ಮೂರು ಕಂಪ್ಯೂಟರಿನಲ್ಲೂ ಹೀಗೇ. ಅಪ್ಪನ ಕಂಪ್ಯೂಟರಿಗೆ ವೈರಸ್ ಬಂದಿದೆ ಅಂತ ಫಾರ್ಮ್ಯಾಟ್ ಮಾಡಿಸಿದೆವು, ಆದರೂ ಬರ್ತಿದೆ.

ಎಂಜಿನಿಯರ್: ಮೊದಲು ಇದನ್ನು ಹೇಳಿ: ಫೋನಿನಲ್ಲಿ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ಅದೇ ಪುಟ ತೆರೆದರೆ ಕೆಂಪು ಬರುತ್ತಾ? ರೂಟರಿನ ಸೆಟ್ಟಿಂಗ್ ಪುಟದಲ್ಲಿ ಡಿಎನ್‌ಎಸ್ ಅಂತ ಎರಡು ಖಾನೆ ಇರುತ್ತೆ, ಅಲ್ಲಿ "ಆಟೋಮ್ಯಾಟಿಕ್" ಅಂತಿದೆಯಾ, ನಂಬರ್ ಇದೆಯಾ? ನಂಬರ್ ಇದ್ದರೆ ಅದನ್ನು ಇಲ್ಲಿ ಹಾಕಬೇಡಿ, ಯಾರಾದರೂ ನೋಡಿ ಟೈಪ್ ಮಾಡಿಬಿಡ್ತಾರೆ. ನನಗೆ ಬೇರೆಯಾಗಿ ಕಳಿಸಿ.

ಎರಡನೇ ಮಗಳು: ಡೇಟಾದಲ್ಲಿ ಸರಿಯಾಗಿ ಬರುತ್ತೆ. ಡಿಎನ್‌ಎಸ್ ಖಾನೆಯಲ್ಲಿ ನಂಬರ್ ಇದೆ, ಕಳಿಸಿದ್ದೀನಿ. "ಈ ನಂಬರ್ ಹಾಕಿದರೆ ವೇಗ ದುಪ್ಪಟ್ಟು" ಅಂತ ಮೆಸೇಜ್ ಬಂದಿತ್ತಂತೆ, ಅಪ್ಪ ಹಾಕಿದ್ದು.

ಎಂಜಿನಿಯರ್: ನೋಡಿದೆ. ಅದು ಜನ ಸಾಮಾನ್ಯವಾಗಿ ಹಾಕಿಕೊಳ್ಳುವ 8.8.8.8 ಅಲ್ಲ, 1.1.1.1 ಅಲ್ಲ, ನಿಮಗೆ ನೆಟ್ ಕೊಡುವವರದ್ದೂ ಅಲ್ಲ. ಉಳಿದವರೂ ಗಮನ ಕೊಟ್ಟು ಓದಿ.

ಡಿಎನ್‌ಎಸ್ ಅಂದರೆ ದಾರಿ ಕೇಳುವ ಕಟ್ಟೆ. ನೀವು ಬ್ಯಾಂಕಿನ ಹೆಸರು ಹೇಳ್ತೀರಿ, ಅವನು ವಿಳಾಸ ಹೇಳ್ತಾನೆ. ಹೇಳುವವನು ಬದಲಾದರೆ ರಸ್ತೆ ಅಗಲ ಆಗಲ್ಲ, ಹಾಗಾಗಿ ಡೌನ್‌ಲೋಡ್ ದುಪ್ಪಟ್ಟಾಗುವ ಮಾತೇ ಇಲ್ಲ. ಆದರೆ ಅವನು ಕಳ್ಳನಾದರೆ ನಿಮ್ಮನ್ನು ತನ್ನ ಮನೆಗೇ ಕಳಿಸ್ತಾನೆ, ಬೋರ್ಡಿನ ಮೇಲೆ ಬ್ಯಾಂಕಿನ ಹೆಸರು ಬರೆದು. ರೂಟರಿನಲ್ಲೇ ಆ ನಂಬರ್ ಕೂತಿರೋದರಿಂದ ಅದಕ್ಕೆ ಜೋಡಿಸಿದ ಕಂಪ್ಯೂಟರುಗಳೆಲ್ಲ ಅವನನ್ನೇ ಕೇಳ್ತವೆ. ಅಪ್ಪನ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿದ್ದು ದಂಡ. ಗಡಿಯಾರ ತಪ್ಪಾಗಿದ್ದರೂ ಇಂಥ ಕೆಂಪು ಪುಟ ಬರುತ್ತೆ ನಿಜ, ಆದರೆ ಮೂರರ ಗಡಿಯಾರವೂ ಒಟ್ಟಿಗೆ ಕೆಡಲ್ಲ. ಸುಳ್ಳು ಪುಟದವನ ಹತ್ತಿರ ಬ್ಯಾಂಕಿನ ಹೆಸರಿನ ಪ್ರಮಾಣಪತ್ರ ಇಲ್ಲ, ಅದಕ್ಕೇ ಬ್ರೌಸರ್ ತಡೀತಿದೆ.

ಇದು ನನ್ನ ಊಹೆಯ ಕತೆ ಅಲ್ಲ. ಡಿಎನ್‌ಎಸ್ ಚೇಂಜರ್ ಅನ್ನೋ ಕಳ್ಳ ಸಾಫ್ಟ್‌ವೇರ್ ಹೀಗೇ ದಾರಿ ತಪ್ಪಿಸುತ್ತಿತ್ತು. 2011ರ ನವೆಂಬರಿನಲ್ಲಿ ಅಮೆರಿಕದ ಎಫ್‌ಬಿಐ ಆ ಜಾಲವನ್ನು ಮುರಿದಾಗ, ಸುಮಾರು 40 ಲಕ್ಷ ಕಂಪ್ಯೂಟರ್ ಸಿಕ್ಕಿಬಿದ್ದಿದ್ದವು ಅಂತ ಹೇಳಿತು.

ಈಗ ಮಾಡಬೇಕಾದ್ದು. ಯಾವ ಕಂಪ್ಯೂಟರಿನಲ್ಲೂ ಲಾಗಿನ್ ಬೇಡ. ನೆಟ್ ಕೊಡುವವರಿಗೆ ಫೋನ್ ಮಾಡಿ ನಿಮ್ಮ ಯೂಸರ್‌ನೇಮ್, ಪಾಸ್‌ವರ್ಡ್ ಬರೆದುಕೊಳ್ಳಿ. ಅದು ಕೈಗೆ ಬಂದಮೇಲೆ, ಹೊರಗಿನಿಂದ ಬರುವ ಕೇಬಲ್ ಕಿತ್ತು, ಆ ಪಿನ್ ತೂತು ಒತ್ತಿ (ಇಂಥದ್ದಕ್ಕೇ ಅದು ಇರೋದು ಮೇಷ್ಟ್ರೇ). ರೂಟರಿನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ರಿಮೋಟ್ ಮ್ಯಾನೇಜ್‌ಮೆಂಟ್ (ಹೊರಗಿನಿಂದ ರೂಟರ್ ಸೆಟ್ಟಿಂಗ್ ತೆರೆಯುವುದು) ಆಫ್, ಡಬ್ಲ್ಯುಪಿಎಸ್ (ಪಾಸ್‌ವರ್ಡ್ ಟೈಪ್ ಮಾಡದೆ ವೈಫೈಗೆ ಜೋಡಿಸುವುದು) ಆಫ್. ಡಿಎನ್‌ಎಸ್ ಆಟೋಮ್ಯಾಟಿಕ್. ಆಮೇಲೆ ಕೇಬಲ್ ಹಾಕಿ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ. ಮೂರೂ ಕಂಪ್ಯೂಟರಿನ ನೆಟ್‌ವರ್ಕ್ ಸೆಟ್ಟಿಂಗಿನಲ್ಲೂ ಅದೇ ನಂಬರ್ ಟೈಪ್ ಮಾಡಿದ್ದಾರಾ ನೋಡಿ, ಇದ್ದರೆ ಅಳಿಸಿ ರೀಸ್ಟಾರ್ಟ್ ಮಾಡಿ.

ಒಂದೇ ಪ್ರಶ್ನೆ ಉಳಿದಿದೆ. ಆ ಕೆಂಪು ಪುಟದಲ್ಲಿ "ಆದರೂ ಮುಂದುವರಿ" ಒತ್ತಿ ಯಾರಾದರೂ ಒಳಗೆ ಹೋಗಿದ್ರಾ?

ಎರಡನೇ ಮಗಳು: ಇಲ್ಲ ಸರ್, ಯಾರೂ ಒತ್ತಿಲ್ಲ ಅಂತಾರೆ.

ನಿವೃತ್ತ ಮೇಷ್ಟ್ರು: "ವೇಗ ದುಪ್ಪಟ್ಟು" ಮೆಸೇಜು ಈ ಗುಂಪಿನಲ್ಲೇ ನೋಡಿದ ನೆನಪಾಯಿತು. ಹಿಂದಕ್ಕೆ ಹೋಗಿ ಹುಡುಕಿದೆ. ಮೂರು ತಿಂಗಳ ಹಿಂದೆ ಹಾಕಿದವರು ಶ್ರೀಮಾನ್ ಕೀಬೋರ್ಡ್ ಕುಟ್ಟಿಗರು. ನಿಂಬೆಹಣ್ಣು ತಮಗೇ ಇರಲಿ.

ಕೀಬೋರ್ಡ್ ಕುಟ್ಟಿಗ: ನಾನು ಬಂದದ್ದನ್ನು ಹಾಕಿದೆ ಅಷ್ಟೇ. ನನಗೆ ವೇಗ ಜಾಸ್ತಿ ಆಗಿದ್ದು ನಿಜ.

ಥೀಸಿಸ್ ತಲೆನೋವು: ಹಾಗಾದರೆ ನಿಮ್ಮ ಮನೆಯಲ್ಲೂ ಅದೇ ನಂಬರ್ ಇದೆ!!

ಕೀಬೋರ್ಡ್ ಕುಟ್ಟಿಗ: ನಮ್ಮ ಮನೇದು ನಾನು ನೋಡ್ಕೋತೀನಿ. ನೀವು ನಿಮ್ಮ ಬಾಗಿಲು ನೋಡ್ಕೊಳ್ಳಿ.

ಮಹಡಿಮನೆ: ಅಡ್ಮಿನ್ ಆಗ ಯಾಕೆ ಅಳಿಸಲಿಲ್ಲ ಅಂತ ಕೇಳಬಹುದಾ?

ಅಡ್ಮಿನ್: ದಿನಕ್ಕೆ ನೂರು ಮೆಸೇಜ್ ಬರುತ್ತೆ ಸ್ವಾಮಿ. ನೀವು ಬನ್ನಿ, ಅಡ್ಮಿನ್ ಮಾಡ್ತೀನಿ.

ನಿವೃತ್ತ ಮೇಷ್ಟ್ರು: ನನ್ನ ತಪ್ಪು ತೋರಿಸಿದಾಗ ನಾನು ಸುಮ್ಮನೆ ಕೇಳಿದೆ. ಕೆಲವರಿಗೆ ಅದೂ ಬರುವುದಿಲ್ಲ.

ಕೀಬೋರ್ಡ್ ಕುಟ್ಟಿಗ: ಪಾಠ ಶಾಲೆಯಲ್ಲಿ ಮಾಡಿ ಮೇಷ್ಟ್ರೇ.

ಹಳೇ ಪೆಟ್ಟಿಗೆ: ಎಕ್ಸ್‌ಪಿ ಬಗ್ಗೆ ಕೇಳಿದ್ದೆ...

ಸುಮ್ಮನೆ ಓದುವವ: ಸರ್, ಯಾವ ರೂಟರ್ ತಗೋಬೇಕು?

ಎಂಜಿನಿಯರ್: ಮೇಲೆ ಇದೆ.

ಕುಟ್ಟಿಗರೇ, ಜಗಳ ನಿಲ್ಲಿಸಿ ನಿಮ್ಮ ರೂಟರ್ ತೆರೆಯಿರಿ. ಆ ನಂಬರ್ ಇದ್ದರೆ ತೆಗೆದು, ಮೂರು ತಿಂಗಳ ಹಿಂದಿನ ಪೋಸ್ಟೂ ತೆಗೆಯಿರಿ. ಇನ್ನೂ ಅಲ್ಲೇ ಇದೆ, ಈಗ ತಾನೇ ನೋಡಿದೆ.

ಕೀಬೋರ್ಡ್ ಕುಟ್ಟಿಗ: ತೆಗೆದಿದ್ದೀನಿ.

ಎರಡನೇ ಮಗಳು: ಸರ್, ರಿಸೆಟ್ ಆಯ್ತು, ಎಲ್ಲ ಪಾಸ್‌ವರ್ಡ್ ಬದಲಿಸಿದೆವು. ಮೂರರಲ್ಲೂ ಈಗ ಬೀಗದ ಗುರುತು ಬರ್ತಿದೆ. ಆದರೆ ಒಂದು ವಿಷಯ. ಮೊದಲನೇ ದಿನ ಅಪ್ಪ "ಮುಂದುವರಿ" ಒತ್ತಿದ್ದರಂತೆ. ಪಾಸ್‌ವರ್ಡ್ ಹಾಕಿದ ಮೇಲೆ ಪುಟ ಸುಮ್ಮನೆ ಸುತ್ತುತ್ತಾ ನಿಂತಿತಂತೆ. ಬೈತೀವಿ ಅಂತ ಹೇಳಿರಲಿಲ್ಲ.

ಎಂಜಿನಿಯರ್: ಬೈಯಬೇಡಿ. ಬ್ಯಾಂಕಿಗೆ ಈಗಲೇ ಫೋನ್ ಮಾಡಿಸಿ, ನಂಬರ್ ಪಾಸ್‌ಬುಕ್ಕಿನಲ್ಲೋ ಕಾರ್ಡಿನ ಹಿಂದೆಯೋ ಇರೋದನ್ನೇ ನೋಡಿ, ನೆಟ್‌ನಲ್ಲಿ ಹುಡುಕಿ ತೆಗೆಯಬೇಡಿ. ನೆಟ್‌ಬ್ಯಾಂಕಿಂಗ್ ತಡೆಹಿಡಿಯೋಕೆ ಹೇಳಿ. ಹೊಸ ಪಾಸ್‌ವರ್ಡನ್ನು ಮೊಬೈಲ್ ಡೇಟಾದಿಂದ ಇಡಿ. ಅದೇ ಪಾಸ್‌ವರ್ಡ್ ಇಮೇಲಿಗೂ ಇದೆಯಾ ಅಂತ ಅಪ್ಪನನ್ನೇ ಕೇಳಿ, ಇದ್ದರೆ ಅದನ್ನೂ ಬದಲಿಸಿ.

ಎರಡನೇ ಮಗಳು: ಇದೆಯಂತೆ. ಫೋನ್ ಮಾಡ್ತಿದ್ದಾರೆ, ಲೈನಿನಲ್ಲಿ ಕಾಯ್ತಿದ್ದಾರೆ.

ಎಂಜಿನಿಯರ್: ಕಾಯಲಿ. ಅಷ್ಟರಲ್ಲಿ ನೀವು ಇಮೇಲ್ ಬದಲಿಸಿ.