ಸಹಾಯ ಬೇಕು: ಅಜ್ಜಿಯ ಮಿಷನ್ ಆಸ್ಪತ್ರೆ ಫೋಟೋ

ಎಲ್ಲರಿಗೂ ನಮಸ್ಕಾರ, ನಾನು ದಾವಣಗೆರೆಯವಳು. ನಮ್ಮಜ್ಜಿ ಮದುವೆಗೆ ಮುಂಚೆ ಮೈಸೂರಿನ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿತವರು. 1906ರಲ್ಲಿ ಇಂಗ್ಲೆಂಡಿನ ಕ್ರೈಸ್ತ ಸಂಸ್ಥೆ ವೆಸ್ಲಿಯನ್ ಮಿಷನ್‌ನವರು ಹೆಂಗಸರು, ಮಕ್ಕಳಿಗೆ ಅಂತ ತೆರೆದ ಆಸ್ಪತ್ರೆ ಅದು, ಅಲ್ಲಿನವರ ಬಾಯಲ್ಲಿ ಈಗಲೂ ಮಿಷನ್ ಆಸ್ಪತ್ರೆನೇ. 1947ರಲ್ಲಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಅನ್ನೋ ಕ್ರೈಸ್ತ ಸಭೆ ಹುಟ್ಟಿದ ಮೇಲೆ ಆಸ್ಪತ್ರೆ ಅವರ ಕೈಗೆ ಬಂತು.

ಹೋದ ವಾರ ಮನೆಗೆ ಸುಣ್ಣ ಹೊಡೆಸುವಾಗ ಅಜ್ಜಿಯ ಟ್ರಂಕಿನಲ್ಲಿ ಒಂದು ಗ್ರೂಪ್ ಫೋಟೋ ಸಿಕ್ಕಿತು. ಬಿಳಿ ಸೀರೆಯ ಹುಡುಗಿಯರು ಮೆಟ್ಟಿಲ ಮೇಲೆ ಸಾಲಾಗಿ ನಿಂತಿದ್ದಾರೆ, ಹಿಂದೆ ಪೆನ್ಸಿಲ್‌ನಲ್ಲಿ 1951 ಅಂತಿದೆ, ಕೆಳಗಿದ್ದ ಹೆಸರುಗಳೆಲ್ಲ ತೇವಕ್ಕೆ ಅಳಿಸಿಹೋಗಿವೆ. ನೋಡಿ ತುಂಬಾ ಸಂಕಟ ಆಯ್ತು. ಎಷ್ಟೋ ಬಾಣಂತನ ಮಾಡಿಸಿದ ಕೈಗಳು ಅಲ್ವಾ, ಹೆಸರಾದರೂ ಉಳಿಯಬೇಕು.

ನಿಮ್ಮ ಮನೆಯಲ್ಲಿ ಅಜ್ಜಿ, ದೊಡ್ಡಮ್ಮ, ಅತ್ತೆ ಯಾರಾದರೂ ಆ ಕಾಲದಲ್ಲಿ ಅಲ್ಲಿ ಕಲಿತಿದ್ದರೆ ದಯವಿಟ್ಟು ತಿಳಿಸಿ, ಫೋಟೋ ಕಳಿಸ್ತೀನಿ, ಒಮ್ಮೆ ಅವರಿಗೆ ತೋರಿಸಿ. ವೆಸ್ಲಿಯನ್ ಮಿಷನ್ನಿನ ಹಳೇ ಕಾಗದಪತ್ರಗಳು ಲಂಡನ್ನಿನ ಸೋಆಸ್ (SOAS) ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿವೆ. ಅಲ್ಲಿಗೆ ಬರೆದು ಪ್ರತಿ ತರಿಸಿಕೊಂಡವರು ಇದ್ದರೆ ಹೇಗೆ ಕೇಳಬೇಕು, ದುಡ್ಡು ಎಷ್ಟಾಗುತ್ತೆ ಹೇಳಿ. ಅಜ್ಜಿಗೆ ಈಗ ತೊಂಬತ್ತು ದಾಟಿದೆ, ಅವರಿಗೆ ನೆನಪು ಇರುವಾಗಲೇ ಆಗಬೇಕು.